ಸದ್ದಿಲ್ಲದ ಆಟದ ಸಾಮಾನು

ಆಟದ ಸಾಮಾನಿನ ಅಂಗಡಿಗೆ ಹೋದರೆ ನನ್ನ ಕೈ ಈಗಲೂ ನನ್ನ ಮಾತು ಕೇಳುವುದಿಲ್ಲ. ಏನನ್ನೇ ಎತ್ತಿಕೊಳ್ಳಲಿ, ಮೊದಲು ಅದನ್ನು ಕಿವಿಯ ಹತ್ತಿರ ಒಯ್ದು ಅಲುಗಾಡಿಸಿ ನೋಡುತ್ತದೆ. ಈ ಸಲ ಸಂಕ್ರಾಂತಿ ರಜಕ್ಕೆ ಬಂದ ಮೊಮ್ಮಗಳನ್ನು ಬಂಗಾರಪೇಟೆಯ ಬಜಾರಿಗೆ ಕರೆದುಕೊಂಡು ಹೋದಾಗಲೂ ಹಾಗೇ ಆಯಿತು. ಅವಳಿಗೊಂದು ಕಾರು ಬೇಕಿತ್ತು. ನಾನು ಕಾರನ್ನು ಕಿವಿಗೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಿದ್ದೇನೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು:

"ಅಜ್ಜಿ, ಅದೇನು ಫೋನಾ? ಯಾರು ಮಾತಾಡ್ತಿದಾರೆ?"

ಅಂಗಡಿಯವನು ನಕ್ಕ, ನಾನೂ ನಕ್ಕೆ. ಮನೆಗೆ ಬಂದು ಎಮ್ಮೆಗೆ ಬೂಸಾ ಕಲಸುತ್ತ ಕೂತಾಗ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಯಾರು ಮಾತಾಡುತ್ತಿದ್ದಾರೆ ಎಂದು ಹೇಳಬೇಕಾದರೆ ನಾನು ಹುಟ್ಟಿ ಬೆಳೆದ, ಚಿನ್ನದ ಗಣಿಯ ಮೈಸೂರು ಮೈನ್ಸಿನ ಲೈನ್ ಮನೆಯಿಂದಲೇ ಶುರು ಮಾಡಬೇಕು. ಶುರು ಮಾಡಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಈ ವಯಸ್ಸಿನಲ್ಲಿ ಇನ್ನು ಅದನ್ನು ಉಳಿಸಿಕೊಂಡು ಮಾಡುವುದೇನಿದೆ.

ನಮ್ಮ ಲೈನಿನಲ್ಲಿ ಒಂದೇ ತಗಡಿನ ಸೂರಿನ ಕೆಳಗೆ ಸಾಲಾಗಿ ಹನ್ನೆರಡು ಮನೆಗಳಿದ್ದವು. ನಡುವಿನ ಗೋಡೆಗಳು ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಪಕ್ಕದ ಮನೆಯ ಸೆಲ್ವಿಯಕ್ಕ ಒಗ್ಗರಣೆ ಹಾಕಿದರೆ ಸೀನು ಬರುತ್ತಿದ್ದುದು ನಮಗೆ. ಮುಂದೊಂದು ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅಷ್ಟೇ ಮನೆ. ಆ ನಡುಕೋಣೆ ಅಪ್ಪನದು. ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯವರು. ಹೊಲದ ಕೆಲಸ ಬಿಟ್ಟು ಬಂದು ಗಣಿಯೊಳಗೆ, ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿಗಳನ್ನು ಆಸರೆಗೆ ನಿಲ್ಲಿಸುವ ಗುಂಪಿನಲ್ಲಿ ಸೇರಿಕೊಂಡಿದ್ದರು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಕತ್ತಲಾಗುತ್ತಿತ್ತು. ಅಮ್ಮ ಕಿಟಕಿಗೆ ಗೋಣಿತಾಟು ತುರುಕುತ್ತಿದ್ದರು. ಪಾತ್ರೆ ಇಡುವ ಕಡೆಯಲ್ಲೆಲ್ಲ ಹಳೇ ಸೀರೆಯ ತುಂಡು ಹಾಸುತ್ತಿದ್ದರು. ರುಬ್ಬುವ ಕೆಲಸ ಬಂದ್, ತೆಂಗಿನಕಾಯಿ ಒಡೆಯಬೇಕಾದರೆ ಬೀದಿಯ ತುದಿಯ ಕಲ್ಲಿಗೆ ಹೋಗಬೇಕು. ನನಗೆ ಮತ್ತು ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಗಿರಿಜಳಿಗೆ ಹೆಜ್ಜೆಯ ಸದ್ದಾಗದಂತೆ ನಡೆಯುವುದು ನಡೆಯಲು ಕಲಿತಾಗಲೇ ಬಂದಿತ್ತು. ಸ್ಕೂಲಿರುವಾಗ ಹೇಗೋ ನಡೆಯುತ್ತಿತ್ತು, ಕಷ್ಟವಾಗುತ್ತಿದ್ದುದು ರಜದಲ್ಲಿ.

ಅದಕ್ಕೇ ದಸರಾ, ದೀಪಾವಳಿ, ಸಂಕ್ರಾಂತಿ ಯಾವ ರಜ ಬಂದರೂ ಅಮ್ಮ ಮೊದಲೇ ಆಂಡರ್ಸನ್‌ಪೇಟೆಗೆ ಹೋಗಿ ನಮಗೆ ಒಂದೊಂದು ಆಟದ ಸಾಮಾನು ತಂದಿಡುತ್ತಿದ್ದರು. ಈ ಕೆಲಸದಲ್ಲಿ ಅವರದು ಎತ್ತಿದ ಕೈ ಎಂದು ಲೈನಿಗೆಲ್ಲ ಹೆಸರು. ಬೇರೆ ಮನೆಯ ಹೆಂಗಸರೂ ಅವರನ್ನು ಮುಂದಿಟ್ಟುಕೊಂಡೇ ಅಂಗಡಿಗೆ ಹೋಗುತ್ತಿದ್ದರು. ಬಣ್ಣ ನೋಡುತ್ತಿರಲಿಲ್ಲ, ಚೆಂದ ನೋಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು, ಚಕ್ರವಿದ್ದರೆ ಅಂಗಡಿಯ ಹಲಗೆಯ ಮೇಲೆ ಉರುಳಿಸುವುದು, ರಬ್ಬರಿನದಾದರೆ ಹಿಸುಕುವುದು. ಒಂದಿಷ್ಟು ಸದ್ದು ಬಂದರೂ ವಾಪಸ್ಸು. ಅಂಗಡಿಯ ಶೆಟ್ಟರು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು:

"ಏನಮ್ಮ, ಆಟದ ಸಾಮಾನು ಆರ್ಸಾಕೆ ಬಂದ್ಯೋ, ತೆಂಗಿನ್ಕಾಯಿ ಆರ್ಸಾಕೆ ಬಂದ್ಯೋ?"

"ಕಾಯಲ್ಲಿ ನೀರು ಇರ್ಬೇಕು ಶೆಟ್ರೇ. ಇದ್ರಲ್ಲಿ ಏನೂ ಇರ್ಬಾರ್ದು. ಸದ್ದು ಮಾಡೋದು ಒಳ್ಳೇ ಆಟದ ಸಾಮಾನಲ್ಲ."

ಹೀಗೆ ನಮ್ಮ ಮನೆಗೆ ಬಂದದ್ದೆಲ್ಲ ಬಟ್ಟೆಯ ಗೊಂಬೆ, ಮಣ್ಣಿನ ಒಲೆ, ಮಣಿ ಪೋಣಿಸುವ ದಾರ. ಒಂದು ಸಲ ಹಟ ಮಾಡಿ ನಾನೊಂದು ರಬ್ಬರ್ ಗಿಣಿ ಕೊಡಿಸಿಕೊಂಡೆ. ಮನೆಗೆ ಬಂದ ತಕ್ಷಣ ಅಮ್ಮ ತಲೆಯಿಂದ ಹೇರ್‌ಪಿನ್ ತೆಗೆದು ಅದರ ಹೊಟ್ಟೆಯ ತೂತಿಗೆ ಹಾಕಿ ಪೀಪಿಯನ್ನು ಕಿತ್ತರು. ಆಮೇಲೆ ಎಷ್ಟು ಹಿಸುಕಿದರೂ ಗಿಣಿ ಉಸ್ಸೆಂದು ಬರೀ ಗಾಳಿ ಬಿಡುತ್ತಿತ್ತು. ನಾನು ಅದನ್ನು ಅಮ್ಮನ ಎದುರಿಗೇ ಚರಂಡಿಗೆ ಎಸೆದು ಬಂದೆ, ಒಂದು ಏಟು ತಿಂದೆ. ನನಗೆ ಅಮ್ಮನ ಮೇಲೆ ಸಿಟ್ಟಿತ್ತು. ಸದಾ ಮಲಗಿಯೇ ಇರುವ ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿತ್ತು.

ನನಗೆ ಒಂಬತ್ತೋ ಹತ್ತೋ ಇರಬೇಕು, ಆ ದಸರಾ ರಜದಲ್ಲಿ ಅಮ್ಮನ ತಮ್ಮ, ನಮ್ಮ ಮಾವ ಊರಿಂದ ಬಂದರು. ಹಳ್ಳಿಯ ಮನುಷ್ಯ, ನಮ್ಮ ಮನೆಯ ಕಾನೂನು ಗೊತ್ತಿಲ್ಲ. ದಾರಿಯಲ್ಲಿ ಬಂಗಾರಪೇಟೆ ಸ್ಟೇಷನ್ ಮುಂದೆ ನಮಗೆಂದು ಒಂದು ತಗಡಿನ ಕಪ್ಪೆ ಕೊಂಡುತಂದಿದ್ದರು. ಬೆನ್ನಿಗೆ ಹಸಿರು ಬಣ್ಣ, ಹೊಟ್ಟೆಯಲ್ಲಿ ಒಂದು ಉಕ್ಕಿನ ಪಟ್ಟಿ. ಹೆಬ್ಬೆರಳಲ್ಲಿ ಒತ್ತಿದರೆ 'ಟಿಕ್' ಎನ್ನುತ್ತಿತ್ತು, ಬಿಟ್ಟರೆ ಇನ್ನೊಂದು 'ಟಿಕ್'. ಮಾವ ಒಂದು ಸಲ ಒತ್ತಿ ತೋರಿಸಿದ್ದೇ ತಡ, ಅಡುಗೆಮನೆಯಿಂದ ಬಂದ ಅಮ್ಮ ಅದನ್ನು ಅವರ ಕೈಯಿಂದ ಕಿತ್ತುಕೊಂಡರು. ಅಮ್ಮನ ಮುಖ ಬಿಳಿಚಿಕೊಂಡಿತ್ತು.

"ಮಕ್ಳು ಆಡ್ಕಳ್ಲಿ ಬುಡಕ್ಕಾ, ಒಂದು ಕಪ್ಪೆಗೆ ಎಂಗಾಡ್ತೀಯಲ್ಲ ನೀನು."

"ಈ ಮನೇಗೆ ಇದು ಬೇಡ ಕಣಪ್ಪ. ಬೇರೆ ಏನು ಬೇಕಾದ್ರೂ ತಂದ್ಕೊಡು, ಇದು ಬೇಡ."

ಕಪ್ಪೆ ರಾಗಿಯ ಡಬ್ಬಕ್ಕೆ ಹೋಯಿತು. ನಾನು ನೋಡಿಕೊಂಡಿದ್ದೆ. ಮಾವ ಊರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಅಮ್ಮ ಸೀಮೆಎಣ್ಣೆಗೆ ಹೋದ ಹೊತ್ತು ನೋಡಿ, ಮೊಣಕೈವರೆಗೆ ರಾಗಿಯೊಳಗೆ ತೋಳು ಹಾಕಿ ಅದನ್ನು ತೆಗೆದುಕೊಂಡೆ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ನಡುಕೋಣೆಯಲ್ಲಿ ಮಲಗಿದ್ದರು. ಕೇಡು ಮಾಡಬೇಕೆಂದು ಹೋದವಳಲ್ಲ ನಾನು, ಇಷ್ಟನ್ನು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ. ರಜವೆಲ್ಲ ಮುಗಿಯುತ್ತ ಬಂದಿತ್ತು, ಅಪ್ಪ ಒಂದು ದಿನವೂ ನಮ್ಮ ಜೊತೆ ಕೂತಿರಲಿಲ್ಲ. ಎದ್ದರೆ ನಗುತ್ತಾರೆ, ಕಪ್ಪೆ ಕೊಡು ನೋಡೋಣ ಎನ್ನುತ್ತಾರೆ, ಮೂವರೂ ಆಡಬಹುದು ಎಂದುಕೊಂಡೆ. ಗಿರಿಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಪ್ಪೆಯನ್ನು ಅಪ್ಪನ ಕಿವಿಯ ಹತ್ತಿರ ಹಿಡಿದು ಒತ್ತಿದೆ. ಟಿಕ್, ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್.

ಅಪ್ಪ ಎದ್ದದ್ದು ನನಗೆ ಕಾಣಲಿಲ್ಲ. ಅಷ್ಟರಲ್ಲಿ ನಾವಿಬ್ಬರೂ ಅವರ ಒಂದೊಂದು ಕಂಕುಳಲ್ಲಿದ್ದೆವು. "ಓಡ್ರೋ, ಓಡ್ರೋ, ಮರ ಮಾತಾಡ್ತೈತೆ" ಎಂದು ಅವರು ಕೂಗುತ್ತಿದ್ದುದು ನಮಗಲ್ಲ, ಅಲ್ಲಿಲ್ಲದ ಯಾರಿಗೋ. ನಮ್ಮನ್ನು ಬಾಗಿಲ ಚೌಕಟ್ಟಿನ ಕೆಳಗೆ ಕೆಡವಿ, ಮೇಲೆ ಬೋರಲಾಗಿ ಬಿದ್ದು, ಒಂದು ಕೈಯಿಂದ ನನ್ನ ತಲೆಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು. ಕಣ್ಣು ಮುಚ್ಚಿಯೇ ಇತ್ತು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಕೂಗು ಕೇಳಿ ಸೆಲ್ವಿಯಕ್ಕ ಓಡಿಬಂದಳು. ಅವಳ ಗಂಡ ಗಣಿಯ ಆಫೀಸಿನಲ್ಲಿ ಕೆಲಸಕ್ಕಿದ್ದವನು, ಒಳಗೆ ಇಳಿದವನಲ್ಲ. ನನ್ನ ಕೈಯಲ್ಲಿದ್ದ ಕಪ್ಪೆ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಐಯೋ ಅಣ್ಣಾ, ತಗಡಿನ ತವಳೆಗಾ ಇಷ್ಟು ಭಯ?"

ತವಳೆ ಎಂದರೆ ತಮಿಳಿನಲ್ಲಿ ಕಪ್ಪೆ. ಅಪ್ಪ ನಿಧಾನವಾಗಿ ಎದ್ದರು. ಮೊಣಕಾಲು ತರಚಿ ರಕ್ತ ಬಂದಿತ್ತು. ಕಪ್ಪೆಯನ್ನು ನೋಡಿದರು, ನನ್ನನ್ನು ನೋಡಿದರು, ಪಂಚೆ ಸರಿಮಾಡಿಕೊಂಡು ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಒಂದು ಏಟೂ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು.

ಮುಗಿಸುವುದು ನನ್ನ ಕೈಯಲ್ಲಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಹತ್ತು ವರ್ಷದ ಬಾಯಿಗೆ ಎಲ್ಲಿ ತಿಳಿಯಬೇಕು. ಮಾರನೆಯ ದಿನ ನಲ್ಲಿಯ ಹತ್ತಿರ ಲೈನಿನ ಮಕ್ಕಳೆಲ್ಲ ಕೊಡ ಸಾಲಿಟ್ಟುಕೊಂಡು ಕೂತಿದ್ದಾಗ ನಾನು ಇಡೀ ಕಥೆಯನ್ನು ಆಡಿ ತೋರಿಸಿದೆ. ಅಪ್ಪನ ಹಾಗೆ ಕಣ್ಣು ಮುಚ್ಚಿಕೊಂಡೆ, ಅಪ್ಪನ ಹಾಗೆ ಕೂಗಿದೆ, ಒಂದು ಕೊಡದ ಮೇಲೆ ಬೋರಲಾಗಿ ಬಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ದಿಲ್ಲದ ಮನೆಯ ಹುಡುಗಿಗೆ ಅಷ್ಟೊಂದು ಸದ್ದು ಸಿಕ್ಕಿದ್ದು ಅದೇ ಮೊದಲು. ಇನ್ನೊಂದು ಸಲ, ಇನ್ನೊಂದು ಸಲ ಎಂದರು, ಇನ್ನೊಂದು ಸಲ ಮಾಡಿದೆ. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿಯೇ ಮಾಡಿದೆ.

ದೀಪಾವಳಿಯ ಹೊತ್ತಿಗೆ ಲೈನಿನಲ್ಲಿ ಏಳೆಂಟು ತಗಡಿನ ಕಪ್ಪೆಗಳಿದ್ದವು. ಅಪ್ಪ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಕ್ಕಳು ಚರಂಡಿಯ ಮೋರಿಯ ಹಿಂದೆ ಕಾದು ಕೂತಿರುತ್ತಿದ್ದರು. ಮೊದಲ ದಿನ ಟಿಕ್ ಎಂದಾಗ ಅಪ್ಪ ಥಟ್ಟನೆ ತಿರುಗಿ ಗೋಡೆಗೆ ಕೈಯಿಟ್ಟು ಸೂರು ನೋಡಿದರು. ಮಕ್ಕಳು 'ಕಪ್ಪೆ, ಕಪ್ಪೆ' ಎಂದು ಓಡಿದರು. ಅಪ್ಪನ ಜೊತೆ ಬರುತ್ತಿದ್ದ ಗಣಿಯ ಗಂಡಸರಲ್ಲಿ ಒಬ್ಬರೂ ನಗಲಿಲ್ಲ. ಒಬ್ಬರಂತೂ ತಮ್ಮ ಮಗನನ್ನು ಹಿಡಿದು, ಕಪ್ಪೆಯನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿದರು. ದಿನ ಕಳೆದಂತೆ ಅಪ್ಪ ತಿರುಗದೆ ನಡೆಯುವುದನ್ನು ಕಲಿತರು. ಸದ್ದಾದಾಗ ಕುತ್ತಿಗೆಯ ನರ ಬಿಗಿಯಾಗುತ್ತಿತ್ತು, ಹೆಜ್ಜೆ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಹೊರಗೆ ಹೋಗಿ ಒಬ್ಬರ ಕೈಯಿಂದಲಾದರೂ ಆ ಕಪ್ಪೆ ಕಿತ್ತುಕೊಳ್ಳಬಹುದಿತ್ತು. ಹೋಗಲಿಲ್ಲ.

ಆಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಮುದ್ದೆ ತೊಳಸುತ್ತಲೇ ಹೇಳಿದರು. ಮೇಲಿನ ಬಂಡೆ ಕುಸಿಯುವ ಮುಂಚೆ ಅದರ ಭಾರಕ್ಕೆ ಆಸರೆಯ ಮರ ಒಳಗೊಳಗೇ ಸೀಳುತ್ತದಂತೆ. ಸೀಳುವಾಗ ಟಿಕ್ ಟಿಕ್ ಎನ್ನುತ್ತದಂತೆ. ಅದು ಕಿವಿಗೆ ಬಿದ್ದವನು ಓಡಬೇಕು, ಕೇಳಿಸಿಯೂ ತಡಮಾಡಿದವನು ಮೇಲಕ್ಕೆ ಬರುವುದಿಲ್ಲ. ಅಪ್ಪನ ಗುಂಪಿನಲ್ಲಿ ಹಾಗೆ ಒಬ್ಬರು ಬಂದಿರಲಿಲ್ಲ. ಆಗಾಗ ನೆಲ ನಡುಗಿ ನಮ್ಮ ಗೂಡಿನ ಪಾತ್ರೆಗಳು ಗಲಗಲ ಎನ್ನುತ್ತಿದ್ದವು, ಏರ್ ಬ್ಲಾಸ್ಟ್, ಒಳಗೆ ಬಂಡೆ ಸಿಡಿಯಿತು ಎಂದು ಹೆಂಗಸರೆಲ್ಲ ಬೀದಿಗೆ ಬಂದು ನಿಲ್ಲುತ್ತಿದ್ದರು. ರೈಲು ಹೋದ ಹಾಗೆ ಅದೂ ಒಂದು ಎಂದುಕೊಂಡಿದ್ದೆ ನಾನು.

"ಮೊದ್ಲೇ ಯಾಕೆ ಯೇಳ್ಲಿಲ್ಲಮ್ಮಾ?"

"ಯೇಳಿದ್ರೆ, ನಿಮ್ಮಪ್ಪ ಒಳಕ್ಕೆ ಓದ ಮ್ಯಾಲೆ ನೀವಿಬ್ರೂ ನಿದ್ದೆ ಮಾಡ್ತಿದ್ರಾ? ಮನೇಲಿ ನಾನೊಬ್ಳು ಎದ್ದಿದ್ರೆ ಸಾಕು ಅಂದ್ಕೊಂಡೆ."

ಸಂಕ್ರಾಂತಿ ಬಂತು. ಅದರ ಹಿಂದಿನ ದಿನ ಭೋಗಿ. ಆಂಧ್ರ, ತಮಿಳುನಾಡು ಎರಡೂ ಕಡೆಯ ಜನ ಇದ್ದ ನಮ್ಮ ಲೈನಿನಲ್ಲಿ ಅದು ದೊಡ್ಡ ಹಬ್ಬ. ನಸುಕಿನಲ್ಲೇ ಮನೆಯ ಹಳೇ ಚಾಪೆ, ಮುರಿದ ಮೊರ, ಪೊರಕೆ ಎಲ್ಲವನ್ನೂ ಬೀದಿಯಲ್ಲಿ ರಾಶಿ ಹಾಕಿ ಬೆಂಕಿ ಹಚ್ಚುವುದು. ಮಕ್ಕಳು ಅದರ ಸುತ್ತ ಪುಟ್ಟ ಭೋಗಿ ತಮಟೆ ಬಡಿಯುವುದು. ಮಣ್ಣಿನ ಬಳೆಗೆ ಚರ್ಮ ಬಿಗಿದ, ಅಂಗೈ ಅಗಲದ ತಮಟೆ ಅದು. ಎಲ್ಲ ಮಕ್ಕಳಿಗೂ ಇರುತ್ತಿತ್ತು, ನಮಗಿರಲಿಲ್ಲ. ಆ ವರ್ಷ ಭೋಗಿಯ ಹಿಂದಿನ ದಿನ ಅಪ್ಪ ಪಾಳಿಯಿಂದ ಸೀದಾ ಆಂಡರ್ಸನ್‌ಪೇಟೆಗೆ ಹೋಗಿ, ಮಧ್ಯಾಹ್ನ ತಿರುಗಿ ಬಂದು ಚೀಲದಿಂದ ಒಂದು ತಮಟೆ ತೆಗೆದು ನನ್ನ ಮುಂದಿಟ್ಟರು. ಅವರಾಗಿ ಆಟದ ಸಾಮಾನು ತಂದದ್ದು ಅದೇ ಮೊದಲು. ಕಪ್ಪೆಯ ದಿನದಿಂದ ನನ್ನ ಜೊತೆ ನೆಟ್ಟಗೆ ಮಾತಾಡಿದ್ದೂ ಅದೇ ಮೊದಲು.

"ನಾಳೆ ಪಾಳಿ ಮುಗ್ಸಿ ಬಂದು ನಾನು ಮಲ್ಗಲ್ಲ ಕಣಮ್ಮ. ಎದ್ದೇ ಇರ್ತೀನಿ. ನೀನು ಎಷ್ಟು ಬೇಕೋ ಅಷ್ಟು ಒಡಿ."

"ನಿದ್ದೆ ಇಲ್ದೆ ತಿರ್ಗಾ ಒಳಕ್ಕೆ ಇಳೀತೀಯಾ? ತಲೆಗಿಲೆ ಕೆಟ್ಟೈತಾ ನಿಂಗೆ?" ಎಂದರು ಅಮ್ಮ.

"ಒಂದಿನ ನಿದ್ದೆಗೆಟ್ರೆ ಸಾಯಲ್ಲ. ಮಕ್ಳಿಗೆ ಅಬ್ಬ ಇರ್ಲಿ. ನಾನು ಎಚ್ಚರ ಇದ್ರೆ ಸದ್ದಿಗೆ ನಂಗೇನೂ ಆಗಲ್ಲ ಅಂತ ಅವ್ಳಿಗೂ ತಿಳೀಲಿ."

ಭೋಗಿಯ ಬೆಳಿಗ್ಗೆ ಬೀದಿ ತುಂಬ ತಮಟೆಯ ಸದ್ದು. ಅಪ್ಪ ಬಂದು ಸ್ನಾನ ಮಾಡಿ, ಲೋಟದಲ್ಲಿ ಟೀ ಹಿಡಿದುಕೊಂಡು ಮುಂದಿನ ಜಗಲಿಯ ಮೇಲೆ ಕೂತರು. ಕಣ್ಣು ಕೆಂಪಗಿತ್ತು. ನಾನು ಅಡುಗೆಮನೆಯ ಮೂಲೆಯಲ್ಲಿ ತಮಟೆಯನ್ನು ಮಡಿಲಲ್ಲಿಟ್ಟುಕೊಂಡು, ಗಿರಿಜಳ ಬೆರಳೂ ತಾಗದಂತೆ ಲಂಗದಲ್ಲಿ ಸುತ್ತಿಕೊಂಡು ಕೂತೆ. ನಾನು ಬಾರಿಸದಿದ್ದರೆ ಅಪ್ಪ ಮಲಗುತ್ತಾರೆ, ಅವರು ಮಲಗಿ ಎದ್ದರೆ ರಾತ್ರಿ ಒಳಗೆ ಮರದ ಸದ್ದು ಅವರಿಗೆ ಕೇಳಿಸುತ್ತದೆ, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅಪ್ಪ ಎರಡು ಸಲ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು.

"ಯಾಕಮ್ಮ, ಒಡೆಯಲ್ವಾ?"

"ಆಮೇಲೆ."

ಅಪ್ಪಾ, ನೀನು ಮಲಗು, ನನ್ನದು ತಪ್ಪಾಯಿತು ಎಂದು ಹೇಳಬೇಕೆಂದೇ ಇದ್ದೆ. ನಲ್ಲಿಯ ಹತ್ತಿರ ಹತ್ತು ಮಂದಿಯ ಎದುರು ಹರಿದ ನಾಲಿಗೆ ಅಪ್ಪನೊಬ್ಬರ ಎದುರು ಏಳಲಿಲ್ಲ. ನಾಚಿಕೆಯಾಗಿತ್ತು. ಮುಖ ತಗ್ಗಿಸಿ ಕೂತವಳನ್ನು ನೋಡಿ, ಸಿಟ್ಟು ಎಂದುಕೊಂಡಿರಬೇಕು ಅವರು. ಅವರು ಸದ್ದಿಗೆ ಕಾಯುತ್ತ ಹೊರಗೆ ಕೂತರು, ನಾನು ಸದ್ದಾಗದಂತೆ ಕಾಯುತ್ತ ಒಳಗೆ ಕೂತೆ. ನಡುವೆ ಅಪ್ಪ ಮಲಗಬೇಕಾಗಿದ್ದ ಕೋಣೆ ಖಾಲಿ ಬಿದ್ದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು:

"ನಂಗೆ ಆಟದ ಸಾಮಾನು ಆರ್ಸಾಕೆ ಬರಲ್ಲ ಬುಡು. ಇನ್ಮೇಲೆ ನೀನೇ ತಂದ್ಬುಡು."

ಸಂಜೆ ನಿದ್ದೆಯಿಲ್ಲದ ಕಣ್ಣಲ್ಲೇ ಬುತ್ತಿ ಹಿಡಿದು ಹೋದರು. ಆ ಹೊತ್ತಿನಿಂದ ಬೆಳಗಿನವರೆಗೆ ನಾನು ಪಟ್ಟ ಸಂಕಟ ಹೇಳುವುದು ಬೇಡ. ಬೆಳಿಗ್ಗೆ ಎಂದಿನಂತೆ ಬಂದರು, ಏನೂ ಆಗಿರಲಿಲ್ಲ. ಕೈಕಾಲು ತೊಳೆದು, ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಮಲಗಿದರು. ಮಕ್ಕಳ ಕಪ್ಪೆಗಳೂ ತುಕ್ಕು ಹಿಡಿದು, ಉಕ್ಕಿನ ಪಟ್ಟಿ ಸಡಿಲವಾಗಿ, ಯುಗಾದಿಯ ಹೊತ್ತಿಗೆ ಒಂದೊಂದಾಗಿ ಮಾಯವಾದವು.

ಅಪ್ಪ ತಮ್ಮ ಆ ಮಾತನ್ನು ಮಾತ್ರ ಕೊನೆಯವರೆಗೆ ಬಿಡಲಿಲ್ಲ. ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದೆ, ಎರಡು ಮಕ್ಕಳಾದವು. ಗಣಿ ಮುಚ್ಚಿದ ಮೇಲೆ ಅಪ್ಪ ಆಗಾಗ ಬಸ್ಸು ಹತ್ತಿ ಬಂದು ನಮ್ಮ ಮನೆಯಲ್ಲಿ ಇರುತ್ತಿದ್ದರು. ಹಣ್ಣು ತರುತ್ತಿದ್ದರು, ಬನ್ ತರುತ್ತಿದ್ದರು, ಆಟದ ಸಾಮಾನು ಒಂದು ದಿನವೂ ತರಲಿಲ್ಲ. ಮಕ್ಕಳು ಕಾಲಿಗೆ ಸುತ್ತಿಕೊಂಡು ಕೇಳಿದರೆ, "ಅದೆಲ್ಲ ನಿಮ್ಮಜ್ಜಿ ತತ್ತಾಳೆ ಕಣ್ರಪ್ಪ, ನಂಗೆ ಆರ್ಸಾಕೆ ಬರಲ್ಲ" ಎಂದು ನಗುತ್ತಿದ್ದರು. ನಾನು ಅಲ್ಲೇ ಹಾಲು ಅಳೆಯುತ್ತ ಇರುತ್ತಿದ್ದೆ. ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಹಾಲಿಗೆ ಯಾರೋ ಬರುತ್ತಿದ್ದರು, ಕರು ಬಿಚ್ಚಿಕೊಳ್ಳುತ್ತಿತ್ತು. ಹೇಳದೇ ಇರಲು ಮನುಷ್ಯನಿಗೆ ನೆವಕ್ಕೇನು ಬರವೇ. ಅಮ್ಮ ಹೋದ ಎರಡು ವರ್ಷಕ್ಕೆ ಅಪ್ಪನೂ ಹೋದರು. ಈಗ ಈ ಹಾಳೆಗೆ ಹೇಳುತ್ತಿದ್ದೇನೆ, ಕೇಳಬೇಕಾದವರಿಗೆ ಕೇಳಿಸುವುದಿಲ್ಲ.

ಇನ್ನೊಂದು ಉಳಿದಿದೆ. ಆ ತಮಟೆ ನಡುಕೋಣೆಯ ಮೊಳೆಯಲ್ಲಿ ಒಂದು ವರ್ಷ ತೂಗಿತು. ನಾನು ದಿನಾ ನೋಡುತ್ತಿದ್ದೆ, ಒಂದು ದಿನವೂ ಮುಟ್ಟಲಿಲ್ಲ. ಮತ್ತೆ ಭೋಗಿ ಬಂತು. ಅಪ್ಪನಿಗೆ ಹಗಲು ಪಾಳಿಯ ವಾರ, ನಸುಕಿನಲ್ಲಿ ನಮ್ಮ ಜೊತೆಗೇ ಇದ್ದರು. ಹರಿದ ಚಾಪೆ, ಹಳೇ ಮೊರದ ಜೊತೆ ಮೊಳೆಯಿಂದ ತಮಟೆಯನ್ನೂ ತೆಗೆದುಕೊಂಡರು. "ಅದು ಒಸಾದಲ್ವಾ" ಎಂದರು ಅಮ್ಮ. "ಆಡ್ದೆ ಇದ್ರೂ ಅಳೇದಾಗ್ತದೆ" ಎಂದು ಅಪ್ಪ ಅದನ್ನು ಬೆಂಕಿಯ ನಡುವಕ್ಕೆ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಉರಿ ಹತ್ತಿದ ಹಾಗೆ ಚರ್ಮ ಬಿಗಿಯುತ್ತ ಬಂತು, ಅಂಚು ಕಪ್ಪಾಯಿತು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಢಂ ಎಂದು ಒಡೆಯಿತು.

ಆ ಸದ್ದು ಮುಗಿಯುವ ಮೊದಲೇ ಅಪ್ಪನ ಕೈ ನನ್ನ ತಲೆಯ ಮೇಲಿತ್ತು. ಕಪ್ಪೆಯ ದಿನ ಮುಚ್ಚಿಕೊಂಡ ಹಾಗೆಯೇ, ಐದೂ ಬೆರಳು ಅಗಲಿಸಿ, ಗಟ್ಟಿಯಾಗಿ. ಸ್ವಲ್ಪ ಹೊತ್ತಾದ ಮೇಲೆ ಅವರಿಗೇ ತಿಳಿಯಿತು. ಕೈ ತೆಗೆದು, ಬೆಂಕಿಯನ್ನೇ ನೋಡುತ್ತ ಹೇಳಿದರು:

"ಒಳ್ಳೇ ಸದ್ದಿತ್ತು ಕಣಮ್ಮ ಅದ್ಕೆ. ಅಂಗ್ಡೀಲಿ ನಿಂತ್ಕೊಂಡು ಒಂದೊಂದ್ನೂ ಕಿವಿ ಅತ್ರ ಇಡ್ಕೊಂಡು ಒಡ್ದು ನೋಡಿ ಆರ್ಸಿದ್ದೆ."